ಸ್ಲೈಡಿಂಗ್ ಯಂತ್ರಕ್ಕೆ ಸಾಲ ಮಾಡುವ ಮುನ್ನ

ಮಾನ್ಯ ಸಂಪಾದಕರೇ,

ಪಿ.ಎಂ. ವಿಶ್ವಕರ್ಮ ಯೋಜನೆಯಡಿ ಬಡಗಿಗಳಿಗೆ ಉಪಕರಣ ಕೊಳ್ಳಲು 15,000 ರೂಪಾಯಿವರೆಗಿನ ನೆರವು ಮತ್ತು ಮೊದಲ ಕಂತಿನಲ್ಲಿ ಶೇ 5ರ ಬಡ್ಡಿಗೆ 1 ಲಕ್ಷ ರೂಪಾಯಿವರೆಗಿನ ಸಾಲ ಸಿಗುವಂತಾದ ಮೇಲೆ, ಕಾಮಾಕ್ಷಿಪಾಳ್ಯದ ನಮ್ಮ ಮರಗೆಲಸದ ಶೆಡ್ಡಿಗೆ ಬರುವ ಕಿರಿಯರು ‘ಸ್ಲೈಡಿಂಗ್ ಕಾಂಪೌಂಡ್ ಮೈಟರ್ ಸಾ ತೆಗೆದುಕೊಳ್ಳಬಹುದೇ?’ ಎಂದು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಮರವನ್ನು ಅಡ್ಡಕ್ಕೂ ಓರೆಗೂ ಕತ್ತರಿಸುವ, ಬ್ಲೇಡ್ ಹಿಂದೆಮುಂದೆ ಜಾರುವ ವಿದ್ಯುತ್ ಗರಗಸವಿದು; ಬ್ಲೇಡ್ ಜಾರದ ಮಾದರಿಯೇ ಸಾಧಾರಣ ಕಾಂಪೌಂಡ್ ಯಂತ್ರ. ಸಾಲದ ಅರ್ಧದಷ್ಟನ್ನು ಒಂದೇ ಯಂತ್ರ ನುಂಗಿಬಿಡಬಹುದಾದ್ದರಿಂದ ಈ ಪ್ರಶ್ನೆಗೆ ಸಾರ್ವಜನಿಕವಾಗಿ ಉತ್ತರಿಸುವುದು ಸೂಕ್ತವೆಂದು ಭಾವಿಸಿದ್ದೇನೆ.

ಮೊದಲು ನೋಡಬೇಕಾದದ್ದು ನಮ್ಮ ಕೈಗೆ ದಿನವೂ ಬರುವ ಮರದ ಅಗಲವನ್ನು. ಹತ್ತು ಇಂಚಿನ ಬ್ಲೇಡ್ ಇರುವ ಸಾಧಾರಣ ಕಾಂಪೌಂಡ್ ಯಂತ್ರವು ನೇರ ಕೊಯ್ತದಲ್ಲಿ ಸುಮಾರು ಐದರಿಂದ ಐದೂವರೆ ಇಂಚು ಅಗಲದ ಹಲಗೆಯನ್ನು ಕತ್ತರಿಸುತ್ತದೆ. ಅದೇ ಅಳತೆಯ ಬ್ಲೇಡ್ ಕಂಬಿಗಳ ಮೇಲೆ ಹಿಂದೆಮುಂದೆ ಜಾರುವಂತಿದ್ದರೆ ಸುಮಾರು ಹನ್ನೆರಡು ಇಂಚಿನವರೆಗೂ ಕೊಯ್ಯುತ್ತದೆ. ನಾಲ್ಕಕ್ಕೆ ಎರಡೂವರೆ ಇಂಚಿನ ಬಾಗಿಲ ಚೌಕಟ್ಟು, ಕಿಟಕಿಯ ಪಟ್ಟಿ, ಬೀಡಿಂಗ್, ಫೋಟೊ ಫ್ರೇಮ್ ಇವೆಲ್ಲಕ್ಕೂ ಮೊದಲನೆಯದೇ ಸಾಕು. ಮೆಟ್ಟಿಲ ಹಲಗೆ, ಅಗಲವಾದ ಶೆಲ್ಫ್, ತೇಗದ ಕಪಾಟಿನ ಪಕ್ಕದ ಹಲಗೆಗಳನ್ನು ವಾರವಿಡೀ ಕೊಯ್ಯುವವರಿಗೆ ಮಾತ್ರ ಎರಡನೆಯದು ನಿಜಕ್ಕೂ ಬೇಕಾಗುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ನಮಗೆ ಸಿಗುವ ಕೆಲಸದ ಬಹುಪಾಲು ಎಂಟಕ್ಕೆ ನಾಲ್ಕು ಅಡಿಯ ಪ್ಲೈವುಡ್ ಹಾಳೆಗಳದ್ದು ಎಂಬುದನ್ನು ಇಲ್ಲಿ ಮರೆಯಬಾರದು. ಆ ಹಾಳೆಯನ್ನು ಸೀಳಲು ಸ್ಲೈಡಿಂಗ್ ಯಂತ್ರವೂ ಉಪಯೋಗಕ್ಕೆ ಬಾರದು. ಅದಕ್ಕೆ ಟೇಬಲ್ ಸಾ (ಮೇಜಿನಿಂದ ಮೇಲೆದ್ದ ಬ್ಲೇಡಿಗೆ ಹಾಳೆಯನ್ನು ತಳ್ಳುವ ಗರಗಸ) ಅಥವಾ ಟ್ರ್ಯಾಕ್ ಸಾ (ಹಾಳೆಯ ಮೇಲಿಟ್ಟ ಹಳಿಯಲ್ಲಿ ಜಾರಿಸುವ ಗರಗಸ) ಬೇಕು. ಅಡುಗೆಮನೆ, ವಾರ್ಡ್‌ರೋಬ್ ಕೆಲಸವನ್ನೇ ನಂಬಿಕೊಂಡ ಯುವಕನೊಬ್ಬ ಸಾಲದ ಹಣವನ್ನು ಸ್ಲೈಡಿಂಗ್ ಯಂತ್ರಕ್ಕೆ ಹಾಕಿದರೆ, ಕಂತು ಕಟ್ಟುವಷ್ಟು ಕೆಲಸ ಅದರಿಂದ ಹುಟ್ಟುವುದಿಲ್ಲ. ಅಂಗಡಿಗಳಲ್ಲಿ ಈ ಮಾತನ್ನು ಯಾರೂ ಹೇಳದಿರುವುದು ನನಗೆ ನೋವು ತಂದಿದೆ.

ಕೊಳ್ಳಲೇಬೇಕೆಂದು ನಿರ್ಧರಿಸಿದವರು ಅದರ ನಿಖರತೆಯನ್ನು ಸ್ವತಃ ಪರೀಕ್ಷಿಸಬೇಕು. ಬ್ಲೇಡ್ ಅರ್ಧ ಡಿಗ್ರಿ ಓರೆಯಾಗಿದ್ದರೂ 300 ಮಿಲಿಮೀಟರ್ ಅಗಲದ ಹಲಗೆಯ ತುದಿಯಲ್ಲಿ 2.6 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ, ಅಂದರೆ ಸಂದಿಯಲ್ಲಿ ಪುಟ್ಟಿ ತುಂಬದೆ ಗತಿಯಿರುವುದಿಲ್ಲ. ಕಂಬಿಗಳಲ್ಲಿ ಸ್ವಲ್ಪ ಸಡಿಲವಿದ್ದರೂ ಇದೇ ತೊಂದರೆ, ಅಗ್ಗದ ಮಾದರಿಗಳಲ್ಲಿ ಸಡಿಲ ಕಾಣಿಸುವುದೂ ಅಲ್ಲಿಯೇ. ಎರಡೂ ಅಂಚು ಸಮಾನಾಂತರವಾಗಿರುವ ಒಂದಡಿ ಅಗಲದ ತುಂಡನ್ನು ಅಂಗಡಿಗೆ ಒಯ್ದು, ನೇರವಾಗಿ ಕೊಯ್ದು, ಒಂದು ಭಾಗವನ್ನು ಮಗುಚಿ, ಎರಡನ್ನೂ ನೇರಪಟ್ಟಿಗೆ ಒತ್ತಿ ಜೋಡಿಸಿ ನೋಡಿದರೆ ದೋಷವು ಇಮ್ಮಡಿಯಾಗಿ ಕಣ್ಣಿಗೆ ಬೀಳುತ್ತದೆ. ಬ್ಲೇಡನ್ನು ಪೂರ್ತಿ ಮುಂದಕ್ಕೆ ಎಳೆದು, ಹಿಡಿಯನ್ನು ಮೆಲ್ಲನೆ ಪಕ್ಕಕ್ಕೆ ಒತ್ತಿಯೂ ನೋಡಬೇಕು.

ಸ್ಥಳ, ತೂಕ, ವಿದ್ಯುತ್ತು ಕೂಡ ಗಣನೆಗೆ ಬರಬೇಕು. ಹಿಂದಕ್ಕೆ ಕಂಬಿ ಚಾಚುವ ಮಾದರಿಯನ್ನು ಗೋಡೆಗೆ ಒತ್ತಿ ಇಡಲಾಗದು. ಅನೇಕ ಸ್ಲೈಡಿಂಗ್ ಯಂತ್ರಗಳು ಇಪ್ಪತ್ತು ಕಿಲೊ ದಾಟುವುದರಿಂದ ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಗೆ ದಿನವೂ ಹೊತ್ತೊಯ್ಯುವುದು ದೇಹಕ್ಕೆ ಭಾರ. 1,500 ವಾಟ್ ಮೀರಿದ ಮೋಟರಿಗೆ 16 ಆಂಪಿಯರ್ ಸಾಕೆಟ್ಟೇ ಬೇಕು.

ಸ್ಲೈಡಿಂಗ್ ಯಂತ್ರದಲ್ಲಿ ಕೊಯ್ಯುವ ಕ್ರಮವೂ ಬೇರೆ. ಮೋಟರ್, ಬ್ಲೇಡ್ ಇರುವ ಯಂತ್ರದ ತಲೆಯನ್ನು ತನ್ನತ್ತ ಎಳೆದು, ಕೆಳಗಿಳಿಸಿ, ನಂತರ ಹಿಂದಕ್ಕೆ ತಳ್ಳುತ್ತಾ ಕೊಯ್ಯಬೇಕು. ಎಳೆಯುತ್ತಾ ಕೊಯ್ದರೆ ಬ್ಲೇಡ್ ಮರದ ಮೇಲೆ ಹತ್ತಿ ಕೊಯ್ಯುವವನತ್ತಲೇ ನುಗ್ಗುತ್ತದೆ. ಮರದ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿರುವಾಗ, ಧೂಳು ಹೀರುವ ವ್ಯಾಕ್ಯೂಮ್ ಮತ್ತು ಮಾಸ್ಕ್‌ಗೆ ತಗಲುವ ಹಣವನ್ನು ಯಂತ್ರದ ಬೆಲೆಯೊಳಗೇ ಲೆಕ್ಕ ಹಿಡಿಯಬೇಕು.

ಇಷ್ಟೆಲ್ಲ ಹೇಳಿದರೂ ಯಂತ್ರವೇ ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ಮಾರ್ಬಲ್ ಕಟರ್‌ಗೆ ಮರದ ಬ್ಲೇಡ್ ಸಿಕ್ಕಿಸಿ, ಗಾರ್ಡ್ ಬಿಚ್ಚಿಟ್ಟು, ಪಟ್ಟಿಯನ್ನು ಕಾಲಲ್ಲಿ ಅದುಮಿ ಕೊಯ್ಯುವ ದೃಶ್ಯ ನಗರದ ಸೈಟುಗಳಲ್ಲಿ ಈಗಲೂ ಸಾಮಾನ್ಯವಾಗಿದೆ. ಹಾಗೆ ದುಡಿಯುತ್ತಿರುವವರು ಸಾಧಾರಣ ಕಾಂಪೌಂಡ್ ಯಂತ್ರವನ್ನಾದರೂ ತಡಮಾಡದೆ ಕೊಳ್ಳಬೇಕು. ಅಗಲದ ಹಲಗೆಯ ಕೆಲಸ ಖಾಯಂ ಆದಾಗ ಸ್ಲೈಡಿಂಗ್ ಯಂತ್ರದ ಮಾತು ಎತ್ತಿದರೆ ಸಾಕು.

ಎಸ್.ಪಿ. ರಸ್ತೆ, ಜೆ.ಸಿ. ರಸ್ತೆಯ ಉಪಕರಣ ವ್ಯಾಪಾರಿಗಳಲ್ಲಿ ನನ್ನದೊಂದು ವಿನಂತಿ: ಡಬ್ಬಿ ತೋರಿಸಿ ಬಿಲ್ ಮಾಡುವ ಬದಲು ಪ್ರತಿ ಮಾದರಿಯ ಒಂದು ಯಂತ್ರವನ್ನು ಮೇಜಿಗೆ ಬಿಗಿದು, ಗ್ರಾಹಕ ತಂದ ಮರವನ್ನು ಕೊಯ್ದು ನೋಡಲು ಅವಕಾಶ ಕೊಡಿ. ವಿಶ್ವಕರ್ಮ ಯೋಜನೆಯ ತರಬೇತಿ ನೀಡುವವರು ಕೂಡ, ಸಾಲ ಮಂಜೂರಾಗುವ ಮುನ್ನವೇ, ಈ ಎರಡೂ ಬಗೆಯ ಯಂತ್ರಗಳ ಮೇಲೆ ಬಡಗಿಗಳ ಕೈಯಿಂದಲೇ ಕೊಯ್ಯಿಸಿ ನೋಡುವ ವ್ಯವಸ್ಥೆ ಮಾಡಬೇಕು.

– ಒಬ್ಬ ಬಡಗಿ, ಕಾಮಾಕ್ಷಿಪಾಳ್ಯ, ಬೆಂಗಳೂರು