ಆಲ್ಬಂ ಮುಗಿಯಿತು, ನಮಸ್ಕಾರ ಹೇಳುವುದು ಬಾಕಿ ಇದೆ

ಕಷ್ಟದ ದಿನಗಳಲ್ಲಿ ಮನಸ್ಸಿಗೊಂದು ಆಸರೆ ಇರಲಿ ಎಂದು ಶುರುಮಾಡಿದ ನಮ್ಮ ಎಲೆಕ್ಟ್ರಾನಿಕ್ ಆಲ್ಬಂ ಪೂರ್ತಿಯಾಗಿದೆ. ತೇಲಿದಂತೆ ಕೇಳಿಸುವ ಈ ನಾದದ ಹಿಂದೆ ಬೇರೆಯವರ ಕರಾರುವಾಕ್ಕಾದ ಕೆಲಸ ಬಹಳಷ್ಟಿದೆ.

ಮೊದಲ ನಮಸ್ಕಾರ ತಂಬೂರಿ ಮೀಟಿಕೊಟ್ಟ ಹಿರಿಯರಿಗೆ. ಕುದುರೆಯ (ತಂತಿಗಳು ಕೂರುವ ಮೆಟ್ಟಿನ) ಮೇಲೆ, ತಂತಿಯ ಅಡಿಯಲ್ಲಿರುವ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸುತ್ತ, ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಹೊಮ್ಮುವವರೆಗೆ ಅವರು ರೆಕಾರ್ಡಿಂಗಿಗೆ ಒಪ್ಪಲಿಲ್ಲ. ಆ ಗಾಂಧಾರ ಕೀಬೋರ್ಡಿನದಕ್ಕಿಂತ ಸುಮಾರು 14 ಸೆಂಟ್ (ಒಂದು ಸೆಂಟ್ ಎಂದರೆ ಕೀಬೋರ್ಡಿನ ಅರ್ಧಸ್ವರದ ನೂರನೇ ಒಂದು ಪಾಲು) ಕೆಳಗಿರುತ್ತದೆ. ಎರಡೂ ಒಟ್ಟಿಗೆ ನುಡಿದರೆ ಶ್ರುತಿ ಕಚ್ಚಾಡುತ್ತದೆ, ಎಷ್ಟು ರಿವರ್ಬ್ (ಮಾರ್ದನಿಯ ಪರಿಣಾಮ) ಸುರಿದರೂ ಮುಚ್ಚುವುದಿಲ್ಲ. ಸರ್ಜ್ ಎಕ್ಸ್‌ಟಿ ಎಂಬ ಕಂಪ್ಯೂಟರ್ ಸಿಂತಸೈಜರಿನಲ್ಲಿ (ನಾದ ಹುಟ್ಟಿಸುವ ತಂತ್ರಾಂಶದಲ್ಲಿ) ಸ್ವರಗಳ ಅಂತರ ಬರೆದಿಟ್ಟ ಸ್ಕಾಲಾ ಫೈಲ್ ಹಾಕಿ ಸ್ವರಸ್ಥಾನವನ್ನೇ ಬದಲಿಸಬಹುದು. ಹಾಗಾಗಿ ತಂಬೂರಿಗೆ ಯಂತ್ರ ಹೊಂದಿಕೊಂಡಿತು. ಆ ಸಿಂತಿನ ಮೂಲ ಕೋಡನ್ನು 2018ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಕ್ಲೇಸ್ ಯೊಹಾನ್ಸನ್ ಅವರಿಗೂ, ಅದನ್ನು ಬೆಳೆಸುತ್ತಿರುವ ಸ್ವಯಂಸೇವಕರಿಗೂ ನಾವು ಋಣಿಗಳು. ಅಂದಹಾಗೆ, ಸಿಂತಿನಲ್ಲಿ ಸ್ವರ ಹುಟ್ಟಿಸುವ ಎರಡು ಆಸಿಲೇಟರುಗಳನ್ನು 7 ಸೆಂಟ್ ಬೇರ್ಪಡಿಸಿದರೆ 220 ಹರ್ಟ್ಸ್‌ನಲ್ಲಿ ಸೆಕೆಂಡಿಗೆ ಒಂದಕ್ಕಿಂತ ಕೊಂಚ ಕಡಿಮೆ ಏರಿಳಿತದ ಅಲೆ ಏಳುತ್ತದೆ, 440ರಲ್ಲಿ ಅದು ಇಮ್ಮಡಿ. ಮೇಲಿನ ಸ್ಥಾಯಿಗೆ ಹೋದಂತೆ ಅಂತರವನ್ನು ಅರ್ಧಕ್ಕಿಳಿಸದಿದ್ದರೆ ನೆಮ್ಮದಿಯ ಬದಲು ಚಡಪಡಿಕೆ ಕೇಳಿಸುತ್ತದೆ.

ಧ್ವನಿಯನ್ನು ಹಲವು ಪಟ್ಟು ಹಿಗ್ಗಿಸುವ ಪಾಲ್‌ಸ್ಟ್ರೆಚ್ ತಂತ್ರಾಂಶ ಬರೆದು ಉಚಿತವಾಗಿ ಹಂಚಿದ ರೊಮೇನಿಯಾದ ಪಾಲ್ ನಾಸ್ಕಾ ಅವರಿಗೆ ಧನ್ಯವಾದ. 10 ಸೆಕೆಂಡಿನ ತಂಬೂರಿ ಎಂಟು ಪಟ್ಟು ಹಿಗ್ಗಿ 80 ಸೆಕೆಂಡಿನ ಹಾಸಾಗುತ್ತದೆ. ವಿಂಡೋ (ಅದು ಒಂದು ಸಲಕ್ಕೆ ತೆಗೆದುಕೊಳ್ಳುವ ಧ್ವನಿಯ ತುಣುಕು) ತೀರಾ ಚಿಕ್ಕದಾದರೆ ನಾದ ತರಿತರಿ. ಕಾಲು ಸೆಕೆಂಡಿನ ಆಸುಪಾಸಿಗೆ ಏರಿಸಿದರೆ ನಯವಾಗುತ್ತದೆ, ಮೀಟಿನ ಪೆಟ್ಟು ಮಾತ್ರ ಕರಗಿಹೋಗುತ್ತದೆ. ನಮಗೆ ಬೇಕಿದ್ದದ್ದೂ ಅದೇ.

ಪ್ರತಿ ಮಿಕ್ಸನ್ನೂ ತಾಳ್ಮೆಯಿಂದ ಕೇಳಿ, “ತಗ್ಗಿನ ಸ್ವರ ಕಲಸಿಹೋಗ್ತಿದೆ” ಎಂದು ನೇರವಾಗಿ ಹೇಳುತ್ತಿದ್ದ ಗೆಳತಿಗೆ ಎಷ್ಟು ಹೇಳಿದರೂ ಸಾಲದು. ರಿವರ್ಬ್ 8 ಸೆಕೆಂಡ್ ಉಳಿಯುವಂತಿದ್ದರೆ ಒಂದು ಸ್ವರ ಆರುವ ಮೊದಲೇ ಮುಂದಿನದು ಅದರ ಮೇಲೆ ಕೂರುತ್ತದೆ, ಮಂದ್ರದಲ್ಲಿ ಇದು ಬೇಗ ರಾಶಿಬೀಳುತ್ತದೆ. ರಿವರ್ಬಿಗೆ ಕಳಿಸುವ ಮುನ್ನ 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಬೇಕು. ಮೂಲ ಧ್ವನಿಯ ಮಂದ್ರವನ್ನು ಮುಟ್ಟಬಾರದು.

ಮಾಸ್ಟರಿಂಗ್ (ಬಿಡುಗಡೆಗೆ ಮುನ್ನಿನ ಕೊನೆಯ ಹದ) ಮಾಡಿದವರು ಅಬ್ಬರಕ್ಕೆ ಆಸೆಪಡದೆ ಮೈನಸ್ 16 ಲಫ್ಸ್‌ಗೆ (LUFS, ಕಿವಿಗೆ ಕೇಳುವ ಜೋರಿನ ಅಳತೆ) ನಿಲ್ಲಿಸಿ, ಎಂಪಿ3 ಆದಾಗ ಒಡೆಯದಿರಲೆಂದು ಮೇಲೆ 1 ಡೆಸಿಬೆಲ್ ಜಾಗ ಬಿಟ್ಟರು. ಅವರಿಗೂ ವಂದನೆ. ಕೇಳುವವರಲ್ಲಿ ಒಂದೇ ಕೋರಿಕೆ: ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಸ್ಪೀಕರಿನಲ್ಲಿ ಮಂದ್ರ ಷಡ್ಜದ ತುಂಬುದನಿ ಸಿಗುವುದಿಲ್ಲ.