ವೈವಾ ಮುಗೀತು, ಮೊದಲ ಥ್ಯಾಂಕ್ಸ್ ಮಾವನಿಗೆ

ಕೊನೆಗೂ ಪಿಎಚ್‌ಡಿ ವೈವಾ ಮುಗಿಯಿತು. ಮಾನಸಗಂಗೋತ್ರಿಯಲ್ಲಿ ಕೂತು ಅಂಡಮಾನ್ ಸಮುದ್ರದ ಒಳ ಅಲೆಗಳ, ಅಂದರೆ ನೀರಿನೊಳಗೇ ಓಡುವ ಅಲೆಗಳ, ಹಿಂದೆ ಬಿದ್ದಿದ್ದು ನಿಮಗೆಲ್ಲ ಗೊತ್ತು. ನಡುವೆ ಅಮ್ಮ ಆಸ್ಪತ್ರೆ ಸೇರಿದ ವಿಷಯವೂ ಗೊತ್ತು, ಮತ್ತೆ ಬರೆಯಲ್ಲ. ಗೈಡ್ ಮೇಡಂ, ಲ್ಯಾಬಿನ ಗೆಳೆಯರು, ರಕ್ತ ಕೊಡೋಕೆ ಮಂಡ್ಯದಿಂದ ಬೈಕಲ್ಲಿ ಬಂದ ಹುಡುಗರು, ಮೆಸ್ಸಿನ ಅಕ್ಕ, ಎಲ್ಲರಿಗೂ ಥ್ಯಾಂಕ್ಸ್.

ಮಾವನಿಗೆ ಮಾತ್ರ ಒಂದು ಸಾಲು ಸಾಲದು.

ಅಮ್ಮನನ್ನು ಐಸಿಯುಗೆ ಹಾಕಿದ ರಾತ್ರಿ ಬೆಳಗಾಗುವ ತನಕ ಜೊತೆಗೆ ಕೂತವರು ಅವರು, ಅಮ್ಮನ ತಮ್ಮ. ಗದ್ದೆಯಿಂದ ಹಾಗೇ ಬಂದಿದ್ದರು. ಪಂಚೆ ಅಂಚಿನಲ್ಲಿ ಕೆಸರು ಒಣಗಿತ್ತು. ಧೈರ್ಯದ ಮಾತು ಒಂದೂ ಆಡಲಿಲ್ಲ. ನನ್ನ ಲ್ಯಾಪ್‌ಟಾಪ್ ತೆಗೆಸಿದರು. “ಒಳಗ್ಲ ಅಲೆ ಮೇಲಿಂದ ಎಂಗವ್ವ ಕಾಣ್ತದೆ?”

ಉಪಗ್ರಹದ ರೇಡಾರ್ ನೀರಿನೊಳಕ್ಕೆ ಇಳಿಯೋದೇ ಇಲ್ಲ ಮಾವ, ಅಂದೆ. ಮೇಲೆ ಬೆಚ್ಚಗಿನ ನೀರು, ಕೆಳಗೆ ತಣ್ಣಗಿನ ನೀರು. ಇವೆರಡರ ನಡುವೆ ಅಲೆ ಓಡುತ್ತೆ. ಅಂಡಮಾನ್ ಕಡೆ 60 ಮೀಟರ್ ಎತ್ತರದ್ದೂ ಇವೆ. ಅದು ಹಾದು ಹೋಗುವಾಗ ಮೇಲಿನ ನೀರು ಒಂದು ಕಡೆ ಒತ್ತರಿಸಿ ಸಣ್ಣ ಸಣ್ಣ ತೆರೆ ಏಳುತ್ತೆ, ಪಕ್ಕದಲ್ಲೇ ನುಣ್ಣಗಾಗುತ್ತೆ. ರೇಡಾರ್ ಚಿತ್ರದಲ್ಲಿ ತೆರೆ ಎದ್ದದ್ದು ಬಿಳಿ ಪಟ್ಟೆ, ನುಣ್ಣಗಿದ್ದದ್ದು ಕಪ್ಪು ಪಟ್ಟೆ. ಮೋಡ ಇದ್ರೂ, ಕತ್ತಲಾದ್ರೂ ಕಾಣುತ್ತೆ. ಗಾಳಿ ಪೂರ್ತಿ ನಿಂತರೆ ಕಷ್ಟ, ತುಂಬಾ ಜೋರಾದರೂ ಕಷ್ಟ.

ಉಬ್ಬರವಿಳಿತದ ನೀರು ಸಮುದ್ರದಡಿಯ ದಿಬ್ಬಗಳ ಮೇಲೆ ಹರಿದಾಗ ಈ ಅಲೆ ಹುಟ್ಟುತ್ತೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಲ್ಲಿ ಜಾಸ್ತಿ ಅಂದಿದ್ದೇ ತಡ, ಮಾವ ಎದ್ದು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತರು. ಸೆಂಟಿನೆಲ್-1 ಉಪಗ್ರಹ 12 ದಿನಕ್ಕೊಮ್ಮೆ ಅದೇ ದಾರಿಗೆ ಬರುತ್ತೆ ಅಂತಲೂ ಹೇಳಿದ್ದೆ. ನಾಲೆಯಲ್ಲಿ ಸರದಿ ಪ್ರಕಾರ ಬಿಡುವ ಕಟ್ಟು ನೀರಿಗೆ ದಿನ ಎಣಿಸಿ ರೂಢಿ ಅವರಿಗೆ. ಎರಡೂ ಕೂಡಿ ಬರುವ ದಿನ ಯಾವುದು ಅಂತ ಬೆರಳು ಮಡಿಚುತ್ತಾ ಹುಡುಕಿದರು. ಐಸಿಯು ಬಾಗಿಲು ಸದ್ದಾದಾಗಲೆಲ್ಲ ನನಗಿಂತ ಮೊದಲು ತಿರುಗುತ್ತಿದ್ದವರು ಅವರೇ.

ನಡುರಾತ್ರಿ ನಾನು ಅತ್ತುಬಿಟ್ಟೆ. ಅಮ್ಮ ಇಲ್ಲದ ಮನೆಗೆ ಈ ಡಿಗ್ರಿ ತಗೊಂಡು ಹೋಗಿ ಏನು ಮಾಡಲಿ ಅಂದೆ. ಮಾವನೂ ಅತ್ತರು. ಆಮೇಲೆ ಹೋಗಿ ಟೀ ತಂದು, “ಎಲ್ಲಿಗ್ ನಿಲ್ಸಿದ್ದೆ?” ಅಂದರು.

ವೈವಾದಲ್ಲೂ ಪರೀಕ್ಷಕರು ಮೊದಲು ಕೇಳಿದ್ದು ಮಾವನ ಪ್ರಶ್ನೆಯನ್ನೇ! ಮಾವನಿಗೆ ಹೇಳಿದ್ದನ್ನೇ ಸ್ವಲ್ಪ ಇಂಗ್ಲಿಷ್ ಸೇರಿಸಿ ಹೇಳಿದೆ.

ಅಮ್ಮ ಈಗ ಓಡಾಡ್ತಾರೆ, ನನ್ನ ಬೈಯುವಷ್ಟು ಶಕ್ತಿಯೂ ಬಂದಿದೆ. ಭಾನುವಾರ ಊರಲ್ಲಿ ಊಟ. ಮುದ್ದೆ, ನಾಟಿ ಕೋಳಿ ಸಾರು. ಕೋಳಿ ತಿನ್ನದವರು ಮೊದಲೇ ಮಾವನಿಗೆ ಫೋನ್ ಮಾಡಿ ಹೇಳಿ.