ಬಿಲ್ಲು ಮುರಿದದ್ದು ಮಗುವಿನ ತಪ್ಪಿನಿಂದಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ಮಂಡ್ಯದ ಬೇಸಿಗೆ ಶಿಬಿರವೊಂದರಲ್ಲಿ ಬಿಲ್ವಿದ್ಯೆ ಕಲಿಯುತ್ತಿದ್ದ ನನ್ನ ಮೊಮ್ಮಗಳ ಕೈಯಲ್ಲಿದ್ದ ಮರದ ಬಿಲ್ಲು ಎಳೆಯುತ್ತಿರುವಾಗಲೇ ಮುರಿದು, ಸಿಬರು ಅವಳ ಕೆನ್ನೆಗೆ ತಾಗಿತು. ಗಾಯ ದೊಡ್ಡದಲ್ಲ. ಆದರೆ ‘ಹುಡುಗಿ ಜೋರಾಗಿ ಎಳೆದಳು’ ಎಂದು ಶಿಬಿರದವರು ಹೇಳಿದ್ದನ್ನು ನಾನು ಒಪ್ಪಲಾರೆ. 30 ವರ್ಷ ಮರಗೆಲಸ ಕಲಿಸಿ ನಿವೃತ್ತನಾದ ನಾನು ಈಗಲೂ ಬಿಲ್ಲು ಮಾಡುತ್ತೇನೆ. ಮುರಿದ ತುಂಡುಗಳನ್ನು ಮನೆಗೆ ತಂದು ಬಣ್ಣ ಕೆರೆದು ನೋಡಿದೆ. ಕಾರಣ ಅದರ ಕೆಳಗೇ ಇತ್ತು.

ಎಳೆದಾಗ ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆಗಿರುವ ಮೈ, ಹಿಗ್ಗುತ್ತದೆ. ಎಳೆಯುವವರ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಮರದ ಬಲವಿರುವುದು ಉದ್ದಕ್ಕೆ ಸಾಗುವ ನಾರಿನಲ್ಲಾದ್ದರಿಂದ, ಬೆನ್ನಿನ ನಾರು ತುದಿಯಿಂದ ತುದಿಗೆ ಎಲ್ಲಿಯೂ ತುಂಡಾಗಬಾರದು. ಅದಕ್ಕೇ ಪಳಗಿದವರು ದಿಮ್ಮಿಯನ್ನು ಗರಗಸದಲ್ಲಿ ಕೊಯ್ಯದೆ ಬೆಣೆ ಹೊಡೆದು ಸೀಳುತ್ತಾರೆ, ಬೆನ್ನಿನುದ್ದಕ್ಕೂ ಮರದ ಒಂದೇ ವರ್ಷದ ಬೆಳವಣಿಗೆಯ ಉಂಗುರವನ್ನು ಉಳಿಸಿಕೊಳ್ಳುತ್ತಾರೆ, ಗಂಟು ಸಿಕ್ಕರೆ ಅದರ ಸುತ್ತ ಮರವನ್ನು ಧಾರಾಳವಾಗಿ ಬಿಡುತ್ತಾರೆ. ನಾನು ನೋಡಿದ ಬಿಲ್ಲನ್ನು ಹಲಗೆಯಿಂದ ನೆಟ್ಟಗೆ ಕೊಯ್ದಿದ್ದರು. ಹಿಡಿಯಿಂದ ಒಂದು ಗೇಣು ಮೇಲೆ ನಾರು ಓರೆಯಾಗಿ ಅಂಚಿನಾಚೆ ಹೊರಟುಹೋಗಿತ್ತು, ಬಿರುಕೂ ಆ ಓರೆಯನ್ನೇ ಹಿಡಿದು ಸಾಗಿತ್ತು. ಹಲಗೆಯನ್ನೇ ಬಳಸಬೇಕಾಗಿ ಬಂದರೂ ನಾರು ನೇರವಾಗಿರುವುದನ್ನು ಆರಿಸಿ, ಬೆನ್ನಿಗೆ ಬಿದಿರಿನ ದಬ್ಬೆಯನ್ನು ಅಂಟಿಸಬಹುದು. ಬಿದಿರಿನ ಹೊರಮೈಯಲ್ಲಿ ನಾರು ದಟ್ಟವಾಗಿರುವುದರಿಂದ ಅದು ಎಳೆತವನ್ನು ಚೆನ್ನಾಗಿ ತಡೆಯುತ್ತದೆ.

ಬಾಗು ಸಮನಾಗಿ ಹಂಚಿಹೋಗದಿದ್ದರೂ ಬಿಲ್ಲು ಉಳಿಯುವುದಿಲ್ಲ. ತೆಳುವಾದ ಒಂದೇ ಜಾಗ ಬಾಗಿಲ ಕೀಲಿನಂತೆ ಮಡಿಸಿಕೊಂಡರೆ ಇಡೀ ಎಳೆತ ಅಲ್ಲಿಗೇ ಬೀಳುತ್ತದೆ. ಬಿಲ್ಲನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, ರಾಟೆಯ ಹಗ್ಗದಿಂದ ಹೆದೆಯನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತ, ದೂರ ನಿಂತು ಬಿಲ್ಲಿನ ಎರಡೂ ತೋಳುಗಳನ್ನು, ಅಂದರೆ ಹಿಡಿಯ ಮೇಲಿನ ಮತ್ತು ಕೆಳಗಿನ ಭಾಗಗಳನ್ನು, ನೋಡಬೇಕು. ಬಾಗದೆ ಬಿಗಿಯಾಗಿ ನಿಂತ ಕಡೆ ಮಾತ್ರ ಹೊಟ್ಟೆಯನ್ನು ಹೆರೆದು, ಪ್ರತಿ ಸಲವೂ 20–30 ಬಾರಿ ಮೆಲ್ಲಗೆ ಎಳೆದು ಸಡಿಲಿಸಿ ಮತ್ತೆ ನೋಡಬೇಕು. ಇದಕ್ಕೆ ದಿನಗಳೇ ಹಿಡಿಯುತ್ತವೆ, ಗುತ್ತಿಗೆಯ ಅವಸರದಲ್ಲಿ ಆಗುವ ಕೆಲಸವಲ್ಲ.

ಮರದ ತೇವವೂ ಹದವಾಗಿರಬೇಕು. ಹಸಿ ಮರ ಬಾಗಿದಂತೆಯೇ ಉಳಿದುಬಿಡುತ್ತದೆ. ಅತಿಯಾಗಿ ಒಣಗಿದ್ದು ಪಟಕ್ಕನೆ ಒಡೆಯುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಬಿಲ್ಲುಗಳನ್ನು ರಾಶಿ ಹಾಕಿದ್ದನ್ನು ನಾನೇ ಕಂಡಿದ್ದೇನೆ. ಬಾಣವಿಲ್ಲದೆ ಹೆದೆ ಬಿಡುವ ಆಟವನ್ನಂತೂ ಮಕ್ಕಳಿಗೆ ಮೊದಲ ದಿನವೇ ತಪ್ಪಿಸಬೇಕು, ಏಕೆಂದರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಆಗ ಬಿಲ್ಲಿನ ತೋಳುಗಳಿಗೇ ಹಿಂತಿರುಗುತ್ತದೆ.

ದಸರಾ ರಜೆಯಲ್ಲಿ ಮತ್ತೆ ಇಂಥ ಶಿಬಿರಗಳು ನಡೆಯಲಿವೆ. ಬಿಲ್ಲು ಕೊಳ್ಳುವವರು ದಯವಿಟ್ಟು ಬಣ್ಣ ಬಳಿಯದ, ನಾರು ಕಾಣುವಂತೆ ತಿಳಿ ವಾರ್ನಿಷ್ ಮಾತ್ರ ಹಚ್ಚಿದ ಬಿಲ್ಲನ್ನೇ ಕೇಳಿ ಪಡೆಯಲಿ. ಮಕ್ಕಳ ಕೈಗೆ ಕೊಡುವ ಮುನ್ನ ಬೆನ್ನಿನಲ್ಲಿ ಎದ್ದ ಸಿಬರನ್ನೂ ಹೊಟ್ಟೆಯಲ್ಲಿ ಅಡ್ಡಲಾಗಿ ಮೂಡಿದ ಸಣ್ಣ ಸುಕ್ಕುಗಳನ್ನೂ ದೊಡ್ಡವರೊಬ್ಬರು ಬೆರಳಾಡಿಸಿ ನೋಡಲಿ, ಎರಡರಲ್ಲಿ ಒಂದು ಕಂಡರೂ ಆ ಬಿಲ್ಲನ್ನು ಬದಿಗಿಡಲಿ.

ಇಂತಿ,
ನಿವೃತ್ತ ಮರಗೆಲಸ ಬೋಧಕ, ಮಂಡ್ಯ